ಹನ್ನೊಂದು ನಿಮಿಷ ಮುಂದಿದ್ದ ಕ್ಯಾಮೆರಾ

‘ಸರ್, ಬಿಲ್ಲಿನಾಗ 240 ಐತ್ರಿ, ಇಲ್ಲಿ ಎಣಿಸಿದ್ರ 236 ಅದಾವು.’

ಹುಬ್ಬಳ್ಳಿಯ ವಿತರಕರ ಗೋದಾಮಿನಿಂದ ಈ ಫೋನ್ ಬಂದಾಗ ನಾನು ಭಿವಂಡಿಯಲ್ಲಿ ಮಧ್ಯಾಹ್ನದ ಊಟಕ್ಕೆ ಡಬ್ಬಿ ಬಿಚ್ಚಿದ್ದೆ. ಲಾರಿಯ ಸೀಲ್ ಒಡೆದಿರಲಿಲ್ಲ. ಸೀಲಿನ ನಂಬರೂ ಕಾಗದದಲ್ಲಿದ್ದದ್ದೇ. ಅಂದರೆ ದಾರಿಯಲ್ಲಿ ಯಾರೂ ಮಾಲು ಮುಟ್ಟಿಲ್ಲ. ನಾಲ್ಕು ಮಿಕ್ಸರ್ ಪೆಟ್ಟಿಗೆ ಕಡಿಮೆಯಾಗಿದ್ದರೆ ಅದು ನಮ್ಮಲ್ಲೇ, ಲೋಡ್ ಆಗುವಾಗಲೇ ಆಗಿರಬೇಕು.

ನಾನು ದಾವಣಗೆರೆಯವನು. ಹದಿನಾಲ್ಕು ವರ್ಷದಿಂದ ಡೊಂಬಿವಲಿಯಲ್ಲಿ ಮನೆ, ಭಿವಂಡಿಯ ಗೋದಾಮಿನಲ್ಲಿ ಕೆಲಸ. ಮುಂಬೈ–ನಾಸಿಕ್ ಹೆದ್ದಾರಿಯಲ್ಲಿ ಹೋದವರು ಎರಡೂ ಬದಿಯ ತಗಡಿನ ಚಾವಣಿಗಳನ್ನು ನೋಡಿರುತ್ತೀರಿ. 2017ರ ಜುಲೈ 1ರಂದು ಜಿಎಸ್‌ಟಿ ಬರುವ ಮೊದಲು ಕಂಪನಿಗಳು ತೆರಿಗೆ ಉಳಿಸಲು ರಾಜ್ಯಕ್ಕೊಂದು ಗೋದಾಮು ಇಟ್ಟುಕೊಳ್ಳುತ್ತಿದ್ದವು. ಆಮೇಲೆ ಸಣ್ಣವನ್ನು ಮುಚ್ಚಿ ದೊಡ್ಡದೊಂದನ್ನು ಕಟ್ಟುವುದು ಲಾಭವಾಯಿತು. ಹೀಗೆ ಒಂದೇ ಸೂರಿನಡಿ ಹುಬ್ಬಳ್ಳಿಯ ಮಾಲೂ ನಾಗಪುರದ ಮಾಲೂ ಅಕ್ಕಪಕ್ಕ ಬಂದು ನಿಂತವು. ಮಾಲು ಹೆಚ್ಚಾದಂತೆ ಕ್ಯಾಮೆರಾಗಳೂ ಹೆಚ್ಚಾದವು. ನಮ್ಮಲ್ಲಿ ಆಗ 40 ಇದ್ದವು.

ಫೋನ್ ಬಂದ ಸಂಜೆಯೇ 7ನೇ ಡಾಕ್‌ನ ಚಿತ್ರ ತೆಗೆಸಿ ನೋಡಿದೆ. ರಾತ್ರಿ 9.42ಕ್ಕೆ ಒಬ್ಬ ಹುಡುಗ ಪೆಟ್ಟಿಗೆಯೊಂದನ್ನು ಲಾರಿಯ ಬಾಯಿಂದ ವಾಪಸ್ ತಂದು, ಎಡಕ್ಕೆ ಹೋಗಿ ಕ್ಯಾಮೆರಾದ ಕಣ್ಣಿಂದ ಮರೆಯಾದ. ಒಂದಲ್ಲ, ನಾಲ್ಕು ಸಲ. ಲೆಕ್ಕ ಸರಿಹೋಯಿತು ಅಂದುಕೊಂಡೆ.

ಹುಡುಗ ವಿಜಯಪುರ ಜಿಲ್ಲೆ ಇಂಡಿ ಕಡೆಯವನು. ಗುತ್ತಿಗೆದಾರನ ಕೈಕೆಳಗೆ ಲೋಡಿಂಗ್ ಕೆಲಸ. ಕರೆಸಿ ಕೇಳಿದಾಗ, ‘ಸರ, ನಾ ಕದ್ದಿಲ್ರೀ. ಮೂಲಿ ಒಡದಿದ್ವು, ಸೂಪರ್‌ವೈಸರ್ ಬಾಜೂ ಇಡು ಅಂದ್ರು. 8ನೇ ಡಾಕ್‌ದಾಗ ಇಟ್ಟೀನ್ರಿ. ಆ ಕ್ಯಾಮೆರಾನೂ ನೋಡ್ರಿ’ ಅಂದ. ನೋಡಿದೆ. 8ನೇ ಡಾಕ್‌ನ ಕ್ಯಾಮೆರಾದಲ್ಲಿ 9.42ರಿಂದ 9.50ರವರೆಗೆ ಅವನ ನೆರಳೂ ಇರಲಿಲ್ಲ. ಹೋಗಿ ನೋಡಿದರೆ ಅಲ್ಲಿ ಪೆಟ್ಟಿಗೆಗಳೂ ಇರಲಿಲ್ಲ. ಆ ಸೂಪರ್‌ವೈಸರ್ ರಜೆ ಹಾಕಿ ಊರಿಗೆ ಹೋಗಿದ್ದ. ಕ್ಯಾಮೆರಾವೇ ಹೇಳಿದ ಮೇಲೆ ಇನ್ನೇನು ಎಂದು, ಹುಡುಗನ ಗೇಟ್ ಪಾಸ್ ರದ್ದು ಮಾಡುವ ಕಾಗದಕ್ಕೆ ಸಹಿ ಹಾಕಿದೆ.

ಫೋರ್ಕ್‌ಲಿಫ್ಟ್ ಹೇಳಿದ ಸಾಕ್ಷಿ

ನಾಲ್ಕನೇ ದಿನ ವಿಮೆಯವರಿಗೆ ವರದಿ ಕಳಿಸಲು ಎರಡೂ ಚಿತ್ರಗಳನ್ನು ಒಂದೇ ಪರದೆಯಲ್ಲಿ ಹಾಕಿಕೊಂಡು ಕೂತಿದ್ದೆ. 7ನೇ ಡಾಕ್ ಮುಂದೆ ಹಳದಿ ಫೋರ್ಕ್‌ಲಿಫ್ಟ್ ಒಂದು ಹಾದುಹೋಯಿತು; ಸಮಯ 9.44. ಅದೇ ಗಾಡಿ, ಅದೇ ನೀಲಿ ಡ್ರಮ್ ಹೊತ್ತುಕೊಂಡು 8ನೇ ಡಾಕ್ ಮುಂದೆ ಬಂದಾಗ ಅಲ್ಲಿನ ಸಮಯ 9.55! ಎರಡು ಡಾಕ್‌ಗಳ ನಡುವೆ ಇಪ್ಪತ್ತು ಹೆಜ್ಜೆ ದೂರ. ಗಾಡಿ ಹನ್ನೊಂದು ನಿಮಿಷ ಎಲ್ಲೂ ನಿಂತಿರಲಿಲ್ಲ. 8ನೇ ಕ್ಯಾಮೆರಾದ ಗಡಿಯಾರವೇ ಹನ್ನೊಂದು ನಿಮಿಷ ಮುಂದಿತ್ತು.

ಕೈ ತಣ್ಣಗಾಯಿತು. 9.53ಕ್ಕೆ ತಂದು ನಿಲ್ಲಿಸಿದೆ. ಹುಡುಗ ಬಂದ. ಮೂಲೆ ಜಜ್ಜಿದ ಪೆಟ್ಟಿಗೆಯನ್ನು ಗೋಡೆ ಬದಿಯ ಪ್ಯಾಲೆಟ್ ಮೇಲೆ ಇಟ್ಟ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತು ಕೈತೋರಿಸುತ್ತಿದ್ದ. ನಾಲ್ಕು ಸಲವೂ ಅಷ್ಟೇ. ಮುಂದೆ ಓಡಿಸಿದರೆ, ಪಾಳಿ ಬದಲಾದ ಮೇಲೆ ಬಂದವರು ಆ ಪ್ಯಾಲೆಟನ್ನು ಹಾಗೇ ಎತ್ತಿ ನಾಗಪುರದ ಲಾರಿಗೆ ಹಾಕಿದರು. ನಾಗಪುರಕ್ಕೆ ಫೋನ್ ಮಾಡಿದೆ. ನಾಲ್ಕೂ ಅಲ್ಲಿಯ ಮೂಲೆಯಲ್ಲಿದ್ದವು. ಮಾಲು ಕಡಿಮೆ ಬಂದರೆ ಅದೇ ದಿನ ಫೋನ್ ಬರುತ್ತದೆ. ಹೆಚ್ಚು ಬಂದರೆ ಯಾರೂ ಫೋನ್ ಮಾಡುವುದಿಲ್ಲ.

ಲೆಕ್ಕದಲ್ಲಿ 240 ತೋರಿಸಿದ್ದು ಯಾಕೆ? ಬಾರ್‌ಕೋಡ್ ಸ್ಕ್ಯಾನ್ ಮೊದಲೇ ಆಗಿತ್ತು. ಒಡೆದವನ್ನು ತೆಗೆದಿಟ್ಟಾಗ ಸ್ಕ್ಯಾನ್ ರದ್ದು ಮಾಡಲಿಲ್ಲ, ಬದಲಿ ಪೆಟ್ಟಿಗೆ ತರಲೂ ಇಲ್ಲ. ಪಾಳಿ ಮುಗಿಯುವ ಗಡಿಬಿಡಿಯಲ್ಲಿ ಮರೆತೆ ಎಂದು ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ. ನಾನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದನೇನೋ.

ಆಮೇಲೆ ಬದಲಿಸಿದ್ದು

ಗೋದಾಮು ನಡೆಸುವ, ಅಂಗಡಿಗೆ ಮಾಲು ತರಿಸುವ ಓದುಗರಿಗೆ ಉಪಯೋಗವಾಗಲಿ ಎಂದು ನಾವು ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು ಗಡಿಯಾರ. ಕ್ಯಾಮೆರಾ, ರೆಕಾರ್ಡರ್, ಸ್ಕ್ಯಾನರ್, ಗೇಟಿನ ಕಂಪ್ಯೂಟರ್ ಎಲ್ಲವೂ ಈಗ ಒಂದೇ ಸರ್ವರ್‌ನಿಂದ ಸಮಯ ಪಡೆಯುತ್ತವೆ. ಇದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ಸೆಟ್ಟಿಂಗ್ ಸರಿಪಡಿಸಿದರೆ ಸಾಕಾಯಿತು. ಸಮಯ ಹೊಂದಿದ ಮೇಲೆ ಲಾರಿ ರಸೀದಿಯ ನಂಬರನ್ನೋ ಪೆಟ್ಟಿಗೆಯ ಬಾರ್‌ಕೋಡನ್ನೋ ಹಾಕಿದರೆ ಆ ಕ್ಷಣದ ಚಿತ್ರವೇ ಬರುವಂತೆ ಜೋಡಿಸಿಕೊಂಡೆವು. ಮೊದಲು ರಾತ್ರಿಯಿಡೀ ಹುಡುಕುತ್ತಿದ್ದುದು ಈಗ ಎರಡು ನಿಮಿಷದ ಕೆಲಸ.

ಎರಡನೆಯದು ಜಾಗ. ಚಾವಣಿಯ ಎತ್ತರದಲ್ಲಿ ತೂಗುವ ಕ್ಯಾಮೆರಾಕ್ಕೆ ತಲೆಗಳು ಮಾತ್ರ ಕಾಣುತ್ತವೆ. ಪ್ರತಿ ಡಾಕ್‌ನ ಬಾಯಿಗೆ ತಗ್ಗಿನಲ್ಲಿ ಒಂದನ್ನು ಹಾಕಿ, ಪೆಟ್ಟಿಗೆಯ ಲೇಬಲ್ಲೂ ಲಾರಿಯ ಒಳಗೂ ಕಾಣುವಂತೆ ಮಾಡಿದೆವು. ಬಾಗಿಲು ಮುಚ್ಚುವಾಗ ಚಾಲಕನ ಎದುರೇ ಸೀಲ್ ನಂಬರನ್ನೂ ಗಾಡಿ ನಂಬರನ್ನೂ ಕ್ಯಾಮೆರಾಕ್ಕೆ ತೋರಿಸುತ್ತೇವೆ. ಇ-ವೇ ಬಿಲ್ಲಿನಲ್ಲಿ ಇರುವ ಗಾಡಿ ನಂಬರಿಗೂ ಇದಕ್ಕೂ ತಾಳೆಯಾಗಬೇಕು. ಮಾಲು ಇಳಿಸುವ ಕಡೆಯೂ ಸೀಲ್ ಒಡೆಯುವುದನ್ನು ಹೀಗೇ ಚಿತ್ರೀಕರಿಸುತ್ತಾರೆ. ಎರಡೂ ತುದಿಯ ಚಿತ್ರ ಇದ್ದರೆ ನಡುವಿನ ದಾರಿಯಲ್ಲಿ ಏನಾಗಿದೆ ಎಂಬ ಜಗಳ ಅರ್ಧ ಮುಗಿದಂತೆ.

ಮೂರನೆಯದು ಎಷ್ಟು ದಿನ ಉಳಿಸುವುದು ಎಂಬುದು. ಮೊದಲು 15 ದಿನಕ್ಕೆ ಚಿತ್ರ ಅಳಿಸಿಹೋಗುತ್ತಿತ್ತು. ದೂರದ ಊರಿನ ಮಾಲು ತಲುಪಿ, ಎಣಿಕೆಯಾಗಿ, ದೂರು ಬರುವಷ್ಟರಲ್ಲಿ ಸಾಕ್ಷಿಯೇ ಇರುತ್ತಿರಲಿಲ್ಲ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕ ಹಿಡಿದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 22 ಜಿಬಿ ಬೇಕು. 40 ಕ್ಯಾಮೆರಾಕ್ಕೆ 30 ದಿನಕ್ಕೆ 26 ಟಿಬಿ. ಖರ್ಚಿದೆ ನಿಜ. ಅದಕ್ಕೇ ಡಾಕ್ ಮತ್ತು ಗೇಟಿನ ಚಿತ್ರಗಳನ್ನು ಮಾತ್ರ 45 ದಿನ ಇಡುತ್ತೇವೆ. ದೂರು ಬಂದ ಕೂಡಲೇ ಆ ಭಾಗವನ್ನು ಬೇರೆ ತೆಗೆದಿಡುತ್ತೇವೆ. ಪ್ರಕರಣ ಕೋರ್ಟಿಗೆ ಹೋದರೆ ಬರೀ ಪೆನ್‌ಡ್ರೈವ್ ಕೊಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದಕ್ಕೆ ಪ್ರಮಾಣಪತ್ರ ಜೊತೆಗಿರಬೇಕು.

ಕೊನೆಯದು ಮನುಷ್ಯರ ಮಾತು. ಯಾರ ಮೇಲಾದರೂ ಆರೋಪ ಬಂದರೆ ಕ್ರಮಕ್ಕೆ ಮೊದಲು ಆ ಚಿತ್ರವನ್ನು ಅವರಿಗೇ ತೋರಿಸಿ, ಅವರ ಮಾತು ಬರೆದುಕೊಂಡು, ಅವರು ಹೆಸರು ಹೇಳಿದವರನ್ನು ಕೇಳಬೇಕು. ಊಟದ ಕೋಣೆ, ಬಟ್ಟೆ ಬದಲಿಸುವ ಜಾಗದಲ್ಲಿ ಕ್ಯಾಮೆರಾ ಇಲ್ಲ. ಈ ನಿಯಮವನ್ನು ಕಾಗದದಲ್ಲಿ ಬರೆಸಿದಾಗ ಮೇಲಿನವರು, ‘ಇದೆಲ್ಲ ಯಾಕೆ, ಕ್ಯಾಮೆರಾ ಇದೆಯಲ್ಲ’ ಎಂದರು. ಹನ್ನೊಂದು ನಿಮಿಷದ ಕತೆ ಹೇಳಿದೆ. ಸಹಿ ಹಾಕಿದರು.

ಅಂದೇ ಹುಡುಗನಿಗೂ ಫೋನ್ ಮಾಡಿದೆ. ಅಷ್ಟರಲ್ಲಿ ವಾಶಿಯ ಈರುಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕೆಲಸ ಹಿಡಿದಿದ್ದ. ತಪ್ಪಾಯಿತು ಅಂದೆ, ತಪ್ಪಿಹೋದ ದಿನಗಳ ಕೂಲಿ ಕಳಿಸುತ್ತೇನೆ, ಬಾ ಅಂದೆ. ಕೂಲಿ ತಗೊಂಡ, ಕೆಲಸಕ್ಕೆ ಬರಲಿಲ್ಲ.

‘ಗಡಿಯಾರ ತಪ್ಪಿದ್ರ ಅದರ ತಪ್ಪಲ್ಲ ಬಿಡ್ರಿ ಸರ. ನೀವು ಸೂಪರ್‌ವೈಸರ್‌ಗ ಒಂದು ಫೋನ್ ಹಚ್ಚಬಹುದಿತ್ತಲ್ರೀ’ ಅಂದ.

ಅದಕ್ಕೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕ್ಯಾಮೆರಾ ಕೋಣೆಗೆ ಹೋದಾಗಲೆಲ್ಲ ಮೊದಲು ನೋಡುವುದು ಪರದೆಯ ಮೂಲೆಯ ಗಡಿಯಾರವನ್ನು. ಆಮೇಲೆ ಕೇಳುವುದು, ಆ ಹೊತ್ತಿಗೆ ಅಲ್ಲಿ ನಿಂತಿದ್ದವರು ಯಾರು ಎಂದು.