ವಯಸ್ಸಲ್ಲ, ಕಂಪ್ರೆಷನ್ ನೋಡಿ

ನಮ್ಮನೆಯ ಮಾರುತಿ 800ಕ್ಕೆ ನನಗಿಂತ ವಯಸ್ಸು ಜಾಸ್ತಿ. 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್. ಈಚೆಗೆ ಏರು ಬಂದರೆ ಸಾಕು, ಏದುಸಿರು ಬಿಡುತ್ತಿತ್ತು. ‘ಹಳೇ ಗಾಡಿ, ಫುಲ್ ಎಂಜಿನ್ ಕೆಲಸ ಮಾಡಿಸಿಬಿಡಿ’ ಎಂದರು ಪಕ್ಕದ ಮನೆಯವರು. ಅದಕ್ಕೆ ಅಪ್ಪ ನನ್ನ ಕೊನೆಯ ಸೆಮಿಸ್ಟರ್ ಫೀಸಿಗೆ ಎತ್ತಿಟ್ಟ ದುಡ್ಡಿಗೇ ಕೈ ಹಾಕಬೇಕಿತ್ತು. ಹಾಗಂತ ಗಾಡಿ ನಿಲ್ಲಿಸಿದರೆ ಅಪ್ಪನ ಬಟ್ಟೆ ಗಂಟು ಸಂತೆಗೆ ಹೋಗುವುದು ಹೇಗೆ?

ಮೆಕ್ಯಾನಿಕ್ ಅಣ್ಣ ಅವಸರ ಮಾಡಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಹಾಕಿ ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ನೋಡಿದರು. ಒಂದರಲ್ಲಿ ಮಾತ್ರ ಒತ್ತಡ ಕಮ್ಮಿ. ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ ಎಂದರ್ಥ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಮುಳ್ಳು ಏರಲಿಲ್ಲ. ಆಯಿಲ್ ಪ್ರೆಷರ್ ಸರಿಯಿತ್ತು, ಬೇರಿಂಗ್ ಸದ್ದೂ ಇರಲಿಲ್ಲ. ಹೆಡ್ ಬಿಚ್ಚಿದಾಗ ಸಿಕ್ಕಿದ್ದು ಒಂದು ಸುಟ್ಟ ವಾಲ್ವ್. ಅದನ್ನು ಬದಲಿಸಿ, ಉಳಿದವನ್ನು ಉಜ್ಜಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿದರು. ಫೀಸಿನ ದುಡ್ಡು ಉಳಿಯಿತು.

ಬೋರ್ ಸವೆದಿದ್ದರೆ ಮಾತು ಬೇರೆ. ಆಗ ಅರ್ಧ ಕೆಲಸ ಮಾಡಿಸಿ ಮತ್ತೆ ಬಿಚ್ಚಿಸಿದರೆ ಕೂಲಿ ಎರಡೆರಡು ಸಲ. ಹಳೆಯ ಗಾಡಿ ಗ್ಯಾರೇಜಿಗೆ ಒಯ್ದಾಗ ಮೊದಲು ಕಂಪ್ರೆಷನ್ ನೋಡಿಸಿ, ಆಮೇಲೆ ಜೇಬು ನೋಡಿಕೊಳ್ಳಿ.