ಎಷ್ಟು ಬಾಕ್ಸ್ ಅಂತ ಕೇಳಬೇಡಿ, ಕಡೆ ಸಾಲಿಗೆ ಕೇಳ್ತದಾ ಅಂತ ಕೇಳಿ



ನಮ್ಮ ಅವರ್ಸಾದಲ್ಲಿ ಮದುವೆ, ಗಣೇಶ ಚೌತಿ, ನಾಟಕ, ಯಕ್ಷಗಾನ ಏನೇ ಇರಲಿ, ಮೊದಲೆಲ್ಲ ಜನ 'ಮೈಕ್ ಸೆಟ್ ಯಾರದ್ದು?' ಅಂತ ಕೇಳ್ತಿದ್ದರಂತೆ. ಈಗ ಆ ಪ್ರಶ್ನೆ ಬದಲಾಗಿದೆ. 'ಡಿಜೆ ಉಂಟಾ? ಎಷ್ಟು ಬಾಕ್ಸ್?' ಅಂತ ಕೇಳ್ತಾರೆ. ಬಾಕ್ಸ್ ಜಾಸ್ತಿ ಇದ್ದರೆ ದೊಡ್ಡ ಮದುವೆ, ಕಡಿಮೆ ಇದ್ದರೆ ಸಣ್ಣ ಮದುವೆ ಅನ್ನುವ ಹಾಗೆ ಆಗಿದೆ. ಹಾಗಾದರೆ ಬಾಕ್ಸ್ ಜಾಸ್ತಿ ಆದರೆ ಚೆನ್ನಾಗಿ ಕೇಳ್ತದೆಯೇ? ಬಂದ ನೆಂಟರ ಕಣ್ಣಿಗೆ ಅದು ಹೇಗೆ ಕಾಣ್ತದೆ? ಇದನ್ನೇ ಈ ಲೇಖನದಲ್ಲಿ ಬರೆದಿದ್ದೇನೆ. ನನ್ನ ಸೋದರಮಾವ ಮೈಕ್ ಸೆಟ್ ಇಟ್ಟಿದ್ದಾರೆ. ರಜೆಯಲ್ಲಿ ನಾನು ಅವರ ಸಂಗಡ ವೈರ್ ಸುತ್ತಲಿಕ್ಕೆ ಹೋಗ್ತೇನೆ. ಅವರು ಹೇಳಿದ್ದು, ನಾನು ನೋಡಿದ್ದು, ಪುಸ್ತಕದಲ್ಲಿ ಓದಿದ್ದು ಮೂರನ್ನೂ ಸೇರಿಸಿದ್ದೇನೆ.

ಡಿಜೆ ಅಂದರೆ ಏನು?

ಡಿಜೆ ಅಂದರೆ ಡಿಸ್ಕ್ ಜಾಕಿ. ಡಿಸ್ಕ್ ಅಂದರೆ ಹಾಡಿನ ತಟ್ಟೆ, ಹಿಂದಿನ ಕಾಲದ ಗ್ರಾಮಫೋನ್ ಪ್ಲೇಟು. ಜಾಕಿ ಅಂದರೆ ಪಂದ್ಯದ ಕುದುರೆ ಓಡಿಸುವವನು. ಅಂದಮೇಲೆ ತಟ್ಟೆ ಓಡಿಸುವವನೇ ಡಿಜೆ. ಅದು ಮನುಷ್ಯನ ಹೆಸರು. ನಮ್ಮ ಕಡೆ ಮಾತ್ರ ದೊಡ್ಡ ಬಾಕ್ಸುಗಳಿಗೇ ಡಿಜೆ ಅಂತಾರೆ.

ದೊಡ್ಡ ಸಭೆಗೆ ಧ್ವನಿ ಕೇಳಿಸುವ ಸ್ಪೀಕರನ್ನು 1915ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆನ್ಸನ್ ಮತ್ತು ಪ್ರಿಧಮ್ ಎಂಬ ಇಬ್ಬರು ಜನರಿಗೆ ತೋರಿಸಿದರು. 1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬವರು ಸುರುಳಿ ತಂತಿ, ಅಯಸ್ಕಾಂತ ಮತ್ತು ಕಾಗದದ ಕೋನ್ ಇರುವ ಸ್ಪೀಕರ್ ಮಾಡಿದರು. ಇವತ್ತಿನ ಬಾಕ್ಸಿನ ಒಳಗೂ ಹೆಚ್ಚಾಗಿ ಇರುವುದು ಅದೇ ರೀತಿಯದು. ಕರೆಂಟು ಹೋಗಿ ಬಂದ ಹಾಗೆ ಸುರುಳಿ ಹಿಂದೆ ಮುಂದೆ ಅಲುಗಾಡ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ, ಗಾಳಿಯ ಆ ಕಂಪನ ನಮ್ಮ ಕಿವಿಗೆ ಬಂದು ತಾಗ್ತದೆ.

ಸೆಟ್ಟಿನಲ್ಲಿ ಏನೇನು ಇರ್ತದೆ?

ಮೈಕು ಧ್ವನಿಯನ್ನು ಸಣ್ಣ ಕರೆಂಟು ಮಾಡ್ತದೆ. ಮಿಕ್ಸರ್ ಮೈಕು, ಹಾಡು ಎಲ್ಲವನ್ನೂ ಬೇಕಾದಷ್ಟು ಅಳತೆಯಲ್ಲಿ ಕೂಡಿಸ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡ್ತದೆ. ಕಡೆಗೆ ಸ್ಪೀಕರ್.

ಸ್ಪೀಕರಿನಲ್ಲಿ ಮೂರು ಜಾತಿ ನೋಡಬಹುದು. ಒಂದು, ಮರಕ್ಕೆ ಕಟ್ಟುವ ಹೂವಿನ ಆಕಾರದ ಹಾರ್ನ್. ಮಾತು ಬಹಳ ದೂರ ಹೋಗ್ತದೆ, ಆದರೆ ಹಾಡು ಕೀರಲು. ಎರಡು, ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಟಾಪ್ ಬಾಕ್ಸ್. ಮಾತು, ಹಾಡು ಎರಡೂ ಸ್ಪಷ್ಟ. ಮೂರು, ನೆಲದ ಮೇಲೆ ಇಡುವ ಬೇಸ್ ಬಾಕ್ಸ್. ಎದೆ ನಡುಗಿಸುವುದು ಇದೇ. ಹೆಚ್ಚಾಗಿ 18 ಇಂಚಿನ ಕೋನ್ ಇರ್ತದೆ.

ಒಂದು ಗುಟ್ಟು ಹೇಳ್ತೇನೆ. ನಾವು ಮಾತನಾಡುವಾಗ ಸ, ಶ, ತ, ಕ ಇಂಥ ಅಕ್ಷರಗಳ ಗುರುತು ಇರುವುದು ತೆಳು ಧ್ವನಿಯಲ್ಲಿ. ಅದು ಬೇಸ್ ಬಾಕ್ಸಿನಿಂದ ಬರುವುದೇ ಇಲ್ಲ. ಹಾಗಾಗಿ ಬೇಸ್ ಹತ್ತು ಇಟ್ಟು ಟಾಪ್ ಕಡಿಮೆ ಇಟ್ಟರೆ, 'ಗಂಡಿನ ಕಡೆಯವರು ಊಟಕ್ಕೆ ಬನ್ನಿ' ಅಂದಿದ್ದು 'ಢಂ ಢಂ ಬುಂ' ಅಂತ ಕೇಳ್ತದೆ. ನೆಂಟರು ಹಸಿದುಕೊಂಡು ಕುಳಿತಿರಬೇಕು!

ವ್ಯಾಟ್ ಲೆಕ್ಕ

'ಹತ್ತು ಸಾವಿರ ವ್ಯಾಟ್ ಸೆಟ್' ಅಂತ ಬರೆಸಿರ್ತಾರೆ. ಶಬ್ದವನ್ನು ಅಳೆಯುವುದು ಡೆಸಿಬಲ್‌ನಲ್ಲಿ. ವ್ಯಾಟ್ ಎರಡು ಪಟ್ಟು ಮಾಡಿದರೆ ಹೆಚ್ಚುವುದು ಬರೀ 3 ಡೆಸಿಬಲ್. ನಮ್ಮ ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಹೆಚ್ಚಬೇಕು, ಅದಕ್ಕೆ ವ್ಯಾಟ್ ಹತ್ತು ಪಟ್ಟು ಬೇಕು. ಇನ್ನೊಂದು ವಿಷಯ. ಬಾಕ್ಸಿನ ಕಾಗದದಲ್ಲಿ, 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅಂತ ಕೊಟ್ಟಿರ್ತಾರೆ. 94 ಇರುವ ಬಾಕ್ಸಿಗೆ 1000 ವ್ಯಾಟ್ ಕೊಡುವುದೂ, 97 ಇರುವ ಬಾಕ್ಸಿಗೆ 500 ವ್ಯಾಟ್ ಕೊಡುವುದೂ ಒಂದೇ. ಹಾಗಾಗಿ ಕೊಳ್ಳುವವರು ಬರೀ ವ್ಯಾಟ್ ನೋಡಬಾರದು.

ದೂರದ ಲೆಕ್ಕ

ಬಯಲಿನಲ್ಲಿ ದೂರ ಎರಡು ಪಟ್ಟು ಆದ ಹಾಗೆಲ್ಲ ಶಬ್ದ 6 ಡೆಸಿಬಲ್ ಇಳಿತದೆ. ಬಾಕ್ಸಿನಿಂದ 1 ಮೀಟರಿನಲ್ಲಿ 100 ಇದ್ದರೆ, 2 ಮೀಟರಿಗೆ 94, 4ಕ್ಕೆ 88, 8ಕ್ಕೆ 82, 16ಕ್ಕೆ 76. ಅಂದರೆ ಹಿಂದಿನವರಿಗೆ ಕೇಳಲಿ ಅಂತ ಮುಂದಿನ ಬಾಕ್ಸನ್ನೇ ಜೋರು ಮಾಡಿದರೆ ಎದುರು ಕುಳಿತವರ ಕಿವಿ ಹೋಗ್ತದೆ. ಎದುರು ಕೂರುವುದು ಯಾರು? ಅಜ್ಜ ಅಜ್ಜಿಯರು ಮತ್ತು ತಾಯಂದಿರ ಮಡಿಲಲ್ಲಿ ಕೂಸುಗಳು. ದಿನಕ್ಕೆ 85 ಡೆಸಿಬಲ್ ಆದರೆ 8 ಗಂಟೆ ಸಾಕು ಅಂತ ತಜ್ಞರು ಮಿತಿ ಹಾಕಿದ್ದಾರೆ. ಪ್ರತಿ 3 ಡೆಸಿಬಲ್ ಹೆಚ್ಚಿಗೂ ಆ ಸಮಯ ಅರ್ಧ ಆಗ್ತದೆ. ಲೆಕ್ಕ ಮಾಡಿ ನೋಡಿ, 100 ಡೆಸಿಬಲ್‌ಗೆ ಬರೀ 15 ನಿಮಿಷ.

ಇದಕ್ಕೆ ಉಪಾಯ ಅಂದರೆ ಚಪ್ಪರದ ನಡುವೆ ಇನ್ನೆರಡು ಸಣ್ಣ ಬಾಕ್ಸ್ ಇಟ್ಟು, ಎಲ್ಲವನ್ನೂ ಸಣ್ಣಗೆ ಇಡುವುದು. ಬಾಕ್ಸನ್ನು ಕುಳಿತವರ ತಲೆಗಿಂತ ಮೇಲೆ ಎತ್ತಬೇಕು. ಕೆಳಗಿದ್ದರೆ ಮುಂದಿನ ಸಾಲಿನವರ ಮೈಯೇ ಶಬ್ದವನ್ನು ತಡೆಯುತ್ತದೆ. ಮೈಕು ಹಿಡಿದವರು ಬಾಕ್ಸಿನ ಎದುರು ನಿಲ್ಲಬಾರದು. ನಿಂತರೆ ಬಾಕ್ಸಿನ ಶಬ್ದ ಮತ್ತೆ ಮೈಕಿಗೆ ಹೋಗಿ 'ಕುಂಯ್' ಅಂತ ಕೂಗ್ತದೆ.

ನೆಂಟರ ಕಣ್ಣಿಗೆ

ನೆಂಟರು ಕೇಳುವುದಕ್ಕಿಂತ ಮೊದಲು ನೋಡ್ತಾರೆ. ಚಪ್ಪರದ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಹಾವಿನ ಹಾಗೆ ವೈರ್ ಬಿದ್ದಿದ್ದರೆ, ಧೂಳು ಹಿಡಿದ ಡಬ್ಬ ಕಂಡರೆ, ಎಷ್ಟು ಒಳ್ಳೆ ಸೆಟ್ ಆದರೂ ಮನಸ್ಸಿಗೆ ಬರುವುದಿಲ್ಲ. ಮಾವ ಹೇಳ್ತಾರೆ, 'ತಮ್ಮಾ, ಚೊಕ್ಕ ಕಂಡದ್ದು ಚೊಕ್ಕ ಕೇಳ್ತದೆ ಅಂತ ಜನ ನಂಬ್ತಾರೆ.' ಅವರು ಮಾಡುವ ಕ್ರಮ ಹೀಗಿದೆ:

1. ಮೇಜಿಗೆ ಮೂರು ಕಡೆ ನೆಲದವರೆಗೆ ಕಪ್ಪು ಬಟ್ಟೆ. ಪೆಟ್ಟಿಗೆ, ವೈರಿನ ಗಂಟು ಎಲ್ಲ ಅದರ ಹಿಂದೆ.
2. ವೈರ್ ಗೋಡೆಯ ಅಂಚಿಗೆ ಹೋಗಬೇಕು. ದಾರಿ ದಾಟಲೇಬೇಕಾದರೆ ಮೇಲೆ ರಬ್ಬರ್ ಮ್ಯಾಟ್. ಚೆಂದಕ್ಕೂ ಆಯ್ತು, ಬಿಸಿ ಸಾರಿನ ಬಕೆಟ್ ಹಿಡಿದು ಓಡುವವರು ಎಡವುವುದೂ ತಪ್ಪಿತು.
3. ಧಾರೆ ಮಂಟಪಕ್ಕೂ ನೆಂಟರಿಗೂ ನಡುವೆ ಬಾಕ್ಸ್ ಬರಬಾರದು. ಧಾರೆ ನೋಡಲು ಬಂದವರು ಬಾಕ್ಸಿನ ಬೆನ್ನು ನೋಡಬೇಕೇ?
4. ಬಣ್ಣದ ಲೈಟು ಗೋಡೆಗೆ ಬೀಳಬೇಕು, ಕಣ್ಣಿಗೆ ಅಲ್ಲ.
5. ಊಟದ ಪಂಕ್ತಿಯ ಕಡೆ ಬಾಕ್ಸ್ ತಿರುಗಿಸಬಾರದು. ಊಟದ ಹೊತ್ತಿಗೆ ಜನರಿಗೆ ಮಾತು ಬೇಕು.
6. ಮೇಜಿನ ಹಿಂದೆ ಇರುವವರು ಒಳ್ಳೆ ಅಂಗಿ ಹಾಕಿರಬೇಕು. ಫೋಟೋದಲ್ಲಿ ಅವರೂ ಬರ್ತಾರೆ.

ಕರೆಂಟು ಮತ್ತು ಉಪ್ಪು ಗಾಳಿ

ಹಳೆ ಮಾದರಿಯ ದೊಡ್ಡ ಪಾರ್ ಲೈಟು ಒಂದೇ 1000 ವ್ಯಾಟ್ ತಿನ್ನುತ್ತದೆ. ಎಲ್‌ಇಡಿ ಆದರೆ ಬಹಳ ಕಡಿಮೆ. ಒಟ್ಟು 2000 ವ್ಯಾಟ್ ಎಳೆದರೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಆಗ್ತದೆ. ಮನೆಯ ಸಣ್ಣ ಪ್ಲಗ್ಗು ತಡೆಯುವುದು 5 ಅಥವಾ 6 ಆಂಪಿಯರ್ ಮಾತ್ರ. ಹಾಗಾಗಿ ದೊಡ್ಡ ಪ್ಲಗ್ಗು ಅಥವಾ ಜನರೇಟರ್ ಬೇಕು, ಅರ್ಥಿಂಗ್ ಇರಲೇಬೇಕು. ನಮ್ಮದು ಸಮುದ್ರದ ಬದಿ ಊರು. ಉಪ್ಪು ಗಾಳಿಗೆ ಜ್ಯಾಕು, ಪಿನ್ನು ಬೇಗ ತುಕ್ಕು ಹಿಡಿತವೆ. ಕಾರ್ಯಕ್ರಮ ಮುಗಿದ ಮೇಲೆ ಒರೆಸಿ, ಮುಚ್ಚಳದ ಪೆಟ್ಟಿಗೆಯಲ್ಲಿ ಇಡಬೇಕು. ಆ ಕೆಲಸ ನನ್ನದು.

ಸಣ್ಣ ಧ್ವನಿಗೂ ಜಾಗ ಬೇಕು

ನಮ್ಮ ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅಜ್ಜಿಗೆ ಹಾಲಕ್ಕಿ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಬಂತು. ಅವರು 2025ರಲ್ಲಿ ತೀರಿಕೊಂಡರು. ಹೆಂಗಸರ ಮದುವೆ ಹಾಡಿಗಾಗಲಿ, ಗುಮಟೆ ಪಾಂಗಿಗಾಗಲಿ ಬೇಸ್ ಬಾಕ್ಸ್ ಬೇಡ. ನಡುವೆ ಒಂದು ಮೈಕು, ಎರಡು ಟಾಪ್ ಬಾಕ್ಸ್ ಇದ್ದರೆ ಕಡೆ ಸಾಲಿಗೂ ಶಬ್ದ ಶಬ್ದ ಕೇಳ್ತದೆ. ಪಕ್ಕದಲ್ಲಿ ಡಿಜೆ ಹಚ್ಚಿದರೆ ಮಾತ್ರ ಹಾಡುವವರ ಬಾಯಿ ಆಡುವುದಷ್ಟೇ ಕಾಣ್ತದೆ.

ಕಾಯಿದೆಯೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಕೆಲವು ಹಬ್ಬದ ದಿನಗಳಿಗೆ ಸರ್ಕಾರ 12 ಗಂಟೆವರೆಗೆ ರಿಯಾಯಿತಿ ಕೊಡಬಹುದು. ವಾಸದ ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಮಾಡಬಹುದು.

ಮಾವ ಏನು ತೆಗೆದುಕೊಂಡರು?

ಈ ವರ್ಷ ಬೇಸ್ ಬಾಕ್ಸ್ ಇಲ್ಲ ಅಂತ ಮಾವನ ಎರಡು ಮದುವೆ ಆರ್ಡರ್ ಬೇರೆಯವರಿಗೆ ಹೋದವು. ಅವರು ಸಾಲ ತೆಗೆದರು. ಅದರಲ್ಲಿ ನಾಲ್ಕು ಬೇಸ್ ಬಾಕ್ಸ್ ಬರ್ತಿತ್ತು. ಅತ್ತೆಯೂ 'ಜನ ಕೇಳುವುದೇ ಅದನ್ನ, ಅದನ್ನೇ ತನ್ನಿ' ಅಂದರು. ಮಾವ ಎರಡು ದಿನ ಯೋಚನೆ ಮಾಡಿ ಒಂದೇ ಬೇಸ್ ಬಾಕ್ಸ್ ತಂದರು. ಉಳಿದ ದುಡ್ಡಿಗೆ ಎರಡು ಟಾಪ್ ಬಾಕ್ಸ್, ಹಿಂದಿನ ಸಾಲಿಗೆ ಎರಡು ಸಣ್ಣ ಬಾಕ್ಸ್, ಸ್ಟ್ಯಾಂಡು, ಕಪ್ಪು ಬಟ್ಟೆ, ರಬ್ಬರ್ ಮ್ಯಾಟ್ ತಂದರು. ಆಮೇಲೆ ಒಂದು ಆರ್ಡರ್ ಬಂದಿದೆ. ಎರಡು ಹೋದದ್ದಕ್ಕೆ ಒಂದು ಬಂದದ್ದು. ಸಾಲದ ಕಂತು ತುಂಬಲು ಇನ್ನೂ ಬರಬೇಕು.

ಅವರು ಮಾಡಿದ್ದು ಸರಿ ಅಂತ ನನಗೆ ಅನ್ನಿಸ್ತದೆ. ಆದರೆ ಅದು ಗೆಲ್ಲುವುದು ಬಿಡುವುದು ನೆಂಟರ ಕೈಯಲ್ಲಿದೆ. ನೀವೂ ಮುಂದಿನ ಮದುವೆಗೆ ಹೋದಾಗ ಬಾಕ್ಸ್ ಎಣಿಸಬೇಡಿ. ಕಡೆ ಸಾಲಿನಲ್ಲಿ ಐದು ನಿಮಿಷ ಕುಳಿತು, ಮೈಕಿನಲ್ಲಿ ಹೇಳಿದ್ದು ತಿಳೀತದಾ ನೋಡಿ. ಆಮೇಲೆ ಮುಂದಿನ ಸಾಲಿಗೆ ಹೋಗಿ, ಪಕ್ಕದ ಅಜ್ಜಿಯ ಜೊತೆ ಕೂಗದೆ ಮಾತನಾಡಲಿಕ್ಕೆ ಆಗ್ತದಾ ನೋಡಿ. ಎರಡೂ ಆದರೆ ಅದು ಒಳ್ಳೆ ಸೆಟ್. ಮೈಕ್ ಸೆಟ್ಟಿನವರಿಗೆ 'ಚೆನ್ನಾಗಿ ಕೇಳ್ತು' ಅಂತ ಒಂದು ಮಾತು ಹೇಳಿ ಬನ್ನಿ.

– ಏಳನೇ ತರಗತಿ