ಇರುಳ ಆಕಾಶದಲ್ಲಿ ಹೈದರಾಬಾದಿನ ಹೆಸರು

ಆಳಂದ ತಾಲ್ಲೂಕಿನ ನಿಂಬರ್ಗಾ ಜೋಳ ತೊಗರಿಗಳ ಸೀಮೆಯ ಊರು. ಎರಡನೆಯ ಮಹಾಯುದ್ಧದ ಕಥೆಯಲ್ಲಿ ಅದರ ಹೆಸರನ್ನು ಯಾರೂ ಅರಸಲಾರರು. ಆದರೆ ಅಂದು ಗುಲ್ಬರ್ಗ ಜಿಲ್ಲೆಯನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದ ಹೆಸರು ಇಂಗ್ಲೆಂಡಿನ ಇರುಳ ಆಕಾಶವನ್ನು ಕಾದಿತ್ತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಅಚ್ಚರಿಯ ಸಂಗತಿ. ನಿಜಾಮರ ಕೊಡುಗೆಯ ಗುರುತಾಗಿ ಬ್ರಿಟಿಷ್ ವಾಯುದಳದ 110, 152 ಮತ್ತು 253ನೆಯ ಸ್ಕ್ವಾಡ್ರನ್‌ಗಳು ಆ ಹೆಸರನ್ನು ಹೊತ್ತಿದ್ದವು.

ಇವುಗಳಲ್ಲಿ 253ನೆಯದು 1939ರ ಅಕ್ಟೋಬರಿನಲ್ಲಿ ಮರುಹುಟ್ಟು ಪಡೆದು, 1940ರಲ್ಲಿ ಹರಿಕೇನ್ ವಿಮಾನಗಳೊಡನೆ ಹಗಲಿನ ಕಾಳಗಗಳಲ್ಲಿ ತೊಡಗಿತ್ತು. 1941ರ ಸೆಪ್ಟೆಂಬರಿನಲ್ಲಿ ಲಿಂಕನ್‌ಶೈರಿನ ಹಿಬಲ್ಡ್‌ಸ್ಟೋ ನೆಲೆಗೆ ಬಂದಾಗ ರಾತ್ರಿಯ ಕಾವಲು ಅದರ ಪಾಲಾಯಿತು. ಕತ್ತಲಲ್ಲಿ ವೈರಿಯನ್ನು ಕಾಣುವ ಬಗೆ ಹೇಗೆ? ಅದಕ್ಕೊಂದು ವಿಚಿತ್ರವಾದ ಉಪಾಯವನ್ನು ಹೂಡಿದರು. ಹ್ಯಾವಕ್ ಎಂಬ ವಿಮಾನದ ಮೂತಿಯಲ್ಲಿ ಭಾರಿ ದೀಪವೊಂದನ್ನು ಕೂರಿಸಿದರು. ಹೊಟ್ಟೆಯ ತುಂಬ ಬ್ಯಾಟರಿಗಳನ್ನು ಹೇರಿದರು. ಅದರಲ್ಲಿನ ರಾಡಾರ್ ವೈರಿಯ ಸುಳಿವು ಹಿಡಿಯಬೇಕು. ಜೊತೆಗೆ ಹಾರುವ ಹರಿಕೇನ್, ದೀಪ ಬೆಳಗಿದ ಒಡನೆ ಮುನ್ನುಗ್ಗಿ ಗುಂಡು ಹಾರಿಸಬೇಕು.

ಬೆಳೆ ಕಾಯಲು ಹೊಲದಲ್ಲಿ ರಾತ್ರಿ ಕಳೆದ ನಮ್ಮ ರೈತನನ್ನು ಕೇಳಿದ್ದರೆ ಈ ಉಪಾಯದ ಕೊರತೆಯನ್ನು ಆಗಲೇ ಹೇಳುತ್ತಿದ್ದನು: ಕಂದೀಲು ಹಿಡಿದವನು ಕಾಣುವುದಕ್ಕಿಂತ ಕಾಣಿಸಿಕೊಳ್ಳುವುದೇ ಹೆಚ್ಚು. ಪ್ರಯೋಗದ ಫಲ ಅತ್ಯಲ್ಪವಾಯಿತು. ಒಂದು ರಾತ್ರಿ ಆ ಬೆಳಕಿಗೆ ಸ್ವಪಕ್ಷದ ಸ್ಟರ್ಲಿಂಗ್ ಬಾಂಬರೇ ಬಲಿಯಾಯಿತು. 1943ರ ಜನವರಿಯಲ್ಲಿ ದೀಪದ ದಳಗಳನ್ನು ವಿಸರ್ಜಿಸಲಾಯಿತು. ಅದಕ್ಕೆ ಮೊದಲೇ 253ನೆಯ ಸ್ಕ್ವಾಡ್ರನ್ ಉತ್ತರ ಆಫ್ರಿಕಕ್ಕೆ ತೆರಳಿತ್ತು.

ಸಮುದ್ರದ ಆಚೆ ದಡದಲ್ಲಿ ಜರ್ಮನರೂ ಇದೇ ಪಾಠವನ್ನು ಕಲಿಯುತ್ತಿದ್ದರು. 1940ರ ಜೂನಿನಲ್ಲಿ ವೋಲ್ಫ್‌ಗಾಂಗ್ ಫಾಲ್ಕ್ ಎಂಬಾತನ ನಾಯಕತ್ವದಲ್ಲಿ ಹುಟ್ಟಿದ ಮೊದಲನೆಯ ರಾತ್ರಿ ಕಾಳಗದ ದಳ, ಅಂದರೆ ನಾಖ್ಟ್‌ಯಾಗ್ಡ್‌ಗೆಷ್ವಾಡರ್ 1, ಆರಂಭದಲ್ಲಿ ನೆಲದ ಶೋಧದೀಪಗಳನ್ನೇ ನಂಬಿತ್ತು. ಮುಂದೆ ನೆಲದ ರಾಡಾರು ದಾರಿ ತೋರಿತು. 1942ರಿಂದ ವಿಮಾನದ ಮೂತಿಯಲ್ಲೇ ರಾಡಾರಿನ ಕೊಂಬುಗಳು ಮೂಡಿದವು. ದೀಪವನ್ನು ಆರಿಸಿದ ಮೇಲೆಯೇ ಈ ದಳ ನಿಜವಾಗಿ ಭಯಂಕರವಾಯಿತು. 1943ರ ಜುಲೈಯಲ್ಲಿ ಹ್ಯಾಂಬರ್ಗಿನ ಮೇಲೆ ಬ್ರಿಟಿಷರು ಲೋಹದ ಹಾಳೆಯ ಚೂರುಗಳನ್ನು ಉದುರಿಸಿ ಆ ಕಣ್ಣಿಗೂ ಪೊರೆ ಕಟ್ಟಿಸಿದರು. ಕೆಳಗೆ ಮೂವತ್ತು ಸಾವಿರಕ್ಕೂ ಮಿಕ್ಕ ಜನ ಮಡಿದರು. ಜರ್ಮನರು ಮತ್ತೆ ಹೊಸ ಕಣ್ಣನ್ನು ಹುಡುಕಿಕೊಂಡರು.

ಈ ದಳದ ಚರಿತ್ರೆಯಲ್ಲಿ ಎರಡು ಸಂಖ್ಯೆಗಳಿವೆ: ಗೆಲವುಗಳೆಂದು ಬರೆದುಕೊಂಡದ್ದು 2,311, ಕಳೆದುಕೊಂಡ ತನ್ನ ವಾಯುಯೋಧರು 676. ಮೊದಲನೆಯದು ವಿಮಾನಗಳ ಲೆಕ್ಕ, ಎರಡನೆಯದು ಮನುಷ್ಯರ ಲೆಕ್ಕ. ಒಂದು ಲ್ಯಾಂಕಾಸ್ಟರ್ ಉರುಳಿದರೆ ಏಳು ಮಂದಿಯ ಜೀವಕ್ಕೆ ಸಂಚಕಾರ. ಬ್ರಿಟನ್ನಿನ ಬಾಂಬರ್ ಪಡೆ ಯುದ್ಧದಲ್ಲಿ ಕಳೆದುಕೊಂಡವರು 55,573 ಜನ. ವೈರಿಯನ್ನು ಯಂತ್ರವೆಂದೂ ತನ್ನವರನ್ನು ಮನುಷ್ಯರೆಂದೂ ಎಣಿಸುವ ಈ ಗಣಿತ ಜರ್ಮನರದಷ್ಟೇ ಅಲ್ಲ. ಎಲ್ಲ ದಂಡುಗಳ ದಫ್ತರವೂ ಇದನ್ನೇ ಬಲ್ಲದು. ಭಾಷೆಯನ್ನು ಕಲಿಸುವ ನನಗೆ ‘ಗೆಲವು’ ಎಂಬ ಪದ ಇಲ್ಲಿ ಕತ್ತಲೆಗಿಂತ ದಟ್ಟವಾದ ಮರೆಯಾಗಿ ತೋರುತ್ತದೆ.

ನಮ್ಮ ಸೀಮೆಯ ಪಾಲೂ ಇಂಥದೇ ಮರೆಯಲ್ಲಿ ಅಡಗಿದೆ. ಕೊಡುಗೆ ಅರಸರದು, ಅರಸರ ಭಂಡಾರವನ್ನು ತುಂಬುತ್ತಿದ್ದುದು ಹೊಲಗಳ ಬೆಳೆ. ವಿಮಾನದ ಮೇಲೆ ಸಂಸ್ಥಾನದ ಹೆಸರಿತ್ತು, ನೇಗಿಲು ಹಿಡಿದವನ ಹೆಸರಿರಲಿಲ್ಲ.

253ನೆಯ ಸ್ಕ್ವಾಡ್ರನ್ 1947ರಲ್ಲಿ ಮುಚ್ಚಿ, 1955ರಲ್ಲಿ ವೆನಮ್ ಜೆಟ್‌ಗಳೊಡನೆ ಮತ್ತೆ ರಾತ್ರಿ ಕಾವಲಿಗೆ ನಿಂತಿತು. ಇತ್ತ 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಹಂಚಿಹೋಗಿ ನಿಂಬರ್ಗಾ ಕನ್ನಡ ನಾಡಿಗೆ ಸೇರಿತು. ಸ್ಕ್ವಾಡ್ರನ್ ಕೊನೆಗೊಂಡದ್ದು 1957ರಲ್ಲಿ. ಅಷ್ಟು ತಿಂಗಳ ಕಾಲ ಆ ವಿಮಾನಗಳು, ಭೂಪಟದಲ್ಲಿಲ್ಲದ ಒಂದು ರಾಜ್ಯದ ನೆನಪನ್ನು ಹೊತ್ತು ಕತ್ತಲಲ್ಲಿ ಹಾರಿದವು.